ಎಂಟನೇ ಇನ್ನಿಂಗ್ಸಿನ ಹಸಿರು ದೀಪ

ಮಿನೊಬೆ ತೇಜೊ ಜಗಳವೆಂದರೆ ಮಾರು ದೂರ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಪೈಕಿ. ಅಂಥವನಿಗೆ ದೇವರು ಕೊಟ್ಟ ಕೆಲಸ ನೋಡಿ: ಬೇಸ್‌ಬಾಲ್ ಮೈದಾನದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಹೊಡೆದ ಚೆಂಡು ಹೊಡೆದವನ ಗಳಿಕೆಯೆನಿಸುವ ‘ಹಿಟ್’ ಆಯಿತೋ, ಹಿಡಿಯಬೇಕಾದವನ ತಪ್ಪೋ ಎಂದು ತೀರ್ಮಾನಿಸುವುದು. ಹಿಟ್ ಆದರೆ ಹಸಿರು ದೀಪ, ತಪ್ಪಾದರೆ ಕೆಂಪು. ಯಾರ ಹಂಗೂ ಬೇಡವೆಂದು ಇಪ್ಪತ್ತಾರು ವರ್ಷ ಆಟಗಾರರ ಜೊತೆ ಒಂದು ಲೋಟ ಚಹಾ ಕುಡಿದವನಲ್ಲ.

ಆದರೆ ಸೋಯಾ ಹಾಲಿನ ಗಿಣ್ಣು, ಆ ತೋಫು, ತಿನ್ನದೆ ಇರಲಾದೀತೇ? ಅವನ ಓಣಿಯ ತೋಫು ಅಂಗಡಿ, ಊರಿನ ತಂಡಕ್ಕೆ ಚೆಂಡೆಸೆಯುವ ಪಿಚರ್ ಕುಸಾಕಾಬೆಯ ತಾಯಿ ಇಸೆಯದು. ವಯಸ್ಸು ಮೂವತ್ತೊಂಬತ್ತಾದ ಕುಸಾಕಾಬೆಯನ್ನು ಈ ವರ್ಷ ತಂಡದಿಂದ ಬಿಡುತ್ತಾರೆಂದು ಊರಿಗೆಲ್ಲ ಗೊತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಕುಸಾಕಾಬೆ ಏಳು ಇನ್ನಿಂಗ್ಸ್ ಎದುರಾಳಿಗೆ ಒಂದೂ ಹಿಟ್ ಕೊಟ್ಟಿರಲಿಲ್ಲ. ಒಂಬತ್ತೂ ಹಾಗೇ ಮುಗಿದರೆ ದಾಖಲೆಯಲ್ಲಿ ಹೆಸರು ಉಳಿಯುತ್ತದೆ; ಜೊತೆಯವರ ತಪ್ಪು ಅದಕ್ಕೆ ಅಡ್ಡಿಯಲ್ಲ. ಇಷ್ಟು ವರ್ಷದ ಬೆವರಿಗೆ ಅದೊಂದೇ ಫಲ. ಬೆಂಚಿನಲ್ಲಿ ಯಾರೂ ಅವನ ಪಕ್ಕ ಕೂರಲಿಲ್ಲ, ಮಾತಾಡಿಸಲಿಲ್ಲ. ಎಲ್ಲಿ ದೃಷ್ಟಿ ತಾಗೀತೋ ಎಂಬ ಭಯ.

ಎಂಟನೆಯದರಲ್ಲಿ ಎದುರಾಳಿ ಹೊಡೆದ ಚೆಂಡು ಹುಲ್ಲಿನ ಅಂಚಿಗೆ ಬಡಿದು, ಮೂರನೇ ಬೇಸ್ ಕಾಯುತ್ತಿದ್ದ ಕುಸಾಕಾಬೆಯ ತಂಡದ ಓನೊದೆರಾನ ಹೆಗಲ ಮೇಲೆ ಹಾರಿಹೋಯಿತು. ಓನೊದೆರಾ ಟೋಪಿ ತೆಗೆದು ಪಿಚರನಿಗೆ ತಲೆಬಾಗಿ, ತಪ್ಪು ತನ್ನದೆಂದು ಎದೆ ತಟ್ಟಿಕೊಂಡ. ಹಿರಿಯನ ದಾಖಲೆ ಉಳಿಯಲೆಂದು ಕಳಂಕ ಹೊರಲು ನಿಂತಿದ್ದ ಪುಣ್ಯಾತ್ಮ! ಮೈದಾನವಿಡೀ ಕೆಂಪು ದೀಪಕ್ಕಾಗಿ ಕೂಗತೊಡಗಿತು.

ಪಕ್ಕದಲ್ಲಿ ಮೈಕಿನ ಮುಂದಿದ್ದ ಪ್ರಕಟಣೆಯ ಹೆಂಗಸು ಮೆಲ್ಲಗೆ ಹೇಳಿದಳು: “ಅವನೇ ಒಪ್ಕೊಂಡಿದಾನಲ್ಲ ಸಾರ್. ಕೆಂಪು ಒತ್ತಿಬಿಡಿ, ಯಾರು ಕೇಳ್ತಾರೆ?”

ಯಾರೂ ಕೇಳುತ್ತಿರಲಿಲ್ಲ. ಆದರೆ ಚೆಂಡು ಪುಟಿದದ್ದನ್ನು ಮಿನೊಬೆಯ ಹಾಳು ಕಣ್ಣು ನೋಡಿಬಿಟ್ಟಿತ್ತು. ಯಾರಪ್ಪನ ಕೈಗೂ ಸಿಗುವ ಚೆಂಡಲ್ಲ ಅದು. ಕೆಂಪಿನತ್ತ ಹೋದ ಬೆರಳು ಹಿಂದೆ ಬಂತು. ಹಸಿರು ಹತ್ತಿತು. ಬೈಗುಳದ ಮಳೆ ಸುರಿಯಿತು. ಕುಸಾಕಾಬೆ ಒಮ್ಮೆ ಬೋರ್ಡಿನತ್ತ ನೋಡಿ ಟೋಪಿ ಸರಿಮಾಡಿಕೊಂಡ. ಪಂದ್ಯವನ್ನೇನೋ ಗೆದ್ದ, ಆ ಗೆಲುವು ಯಾರಿಗೆ ಬೇಕಿತ್ತು?

ಮರುದಿನ ಬೆಳಿಗ್ಗೆ ಮಿನೊಬೆ ಅಂಗಡಿಯನ್ನು ತಪ್ಪಿಸಿ ಹೋಗಬೇಕೆಂದಿದ್ದ. ಇಸೆ ಬಾಗಿಲಲ್ಲೇ ಕಂಡಳು. ಅವಳು ಎಲ್ಲವನ್ನೂ ರೇಡಿಯೊದಲ್ಲಿ ಕೇಳಿದ್ದಳು. ದಿನದಂತೆ ನೀರಿನಿಂದ ತೋಫು ಎತ್ತಿಕೊಟ್ಟು, ಒದ್ದೆ ಕೈ ಒರೆಸಿಕೊಂಡು, ಸೊಂಟ ಮಡಿಯುವಷ್ಟು ಬಾಗಿದಳು.

“ನಮ್ಮ ಹುಡುಗನಿಂದ ನಿಮ್ಗೆ ನಿನ್ನೆ ಅಷ್ಟೊಂದು ಮಾತು ಕೇಳೋ ಹಾಗಾಯ್ತು. ಮನಸ್ಸಿಗೆ ಹಚ್ಕೋಬೇಡಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ತೋಫು ಕೈಯಲ್ಲಿ ಹಿಡಿದೇ ತಾನೂ ಬಾಗಿದ. ಅವಳು ತಲೆ ಎತ್ತಲಿಲ್ಲ, ಇವನಿಗೆ ಎತ್ತಲಾಗಲಿಲ್ಲ. ತೋಫುವಿನ ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.