ಸಾವಿತ್ರಿಯ ಬಣ್ಣಗಾರ

ಪುಣೆಯ ಬುಧವಾರ ಪೇಠೆಯ ಬಣ್ಣಗಾರ ಮುರುಗೆಪ್ಪ, ನಾಟಕವಿರಲಿ ಇಲ್ಲದಿರಲಿ, ದಿನಾ ಬೆಳಿಗ್ಗೆ ತನ್ನ ಏಳು ಚೌರಿಗಳನ್ನೂ ಬಾಚದೆ ಚಹಾ ಮುಟ್ಟುವವನಲ್ಲ. ಯಾವ ಪಾತ್ರವೇ ಬರಲಿ, ಬಾಚಣಿಗೆಗಿಂತ ಮೊದಲು ಅವನ ಪ್ರಶ್ನೆಗಳು ಹೊರಬೀಳುತ್ತಿದ್ದವು. ಶಾಲೆಯ ಸಂಗೀತ ನಾಟಕಕ್ಕೆ ಅವನನ್ನು ಕರೆಸಿದ ಶಿಕ್ಷಕಿ ಕೃಷ್ಣಾಬಾಯಿಗೆ ತಲೆ ಚಿಟ್ಟು ಹಿಡಿದಿತ್ತು. "ಸಾವಿತ್ರಿ ಯಮನ ಹಿಂದ ಎಷ್ಟು ಹರದಾರಿ ನಡದಾಳ್ರಿ ಅಕ್ಕೋರ? ಅಡವ್ಯಾಗ ತಲಿಗೆ ಎಣ್ಣಿ ಎಲ್ಲೀದು?" ಎನ್ನುತ್ತ ಅವನು ಹುಡುಗಿಗೆ ಕಟ್ಟಿದ ತುರುಬನ್ನು ನಾಲ್ಕನೆಯ ಸಲ ಬಿಚ್ಚಿದ, ಮಲ್ಲಿಗೆ ದಂಡೆಯನ್ನು ಕಿತ್ತಿಟ್ಟ. "ಪರದೆ ಏಳೂದ್ರಾಗ ಮುಗಸ್ತೀಯೋ ಇಲ್ಲೋ ಮಾರಾಯಾ?" ಎಂದು ಆಕೆ ಸಿಡುಕಿದರೆ, "ಹೌದ್ರಿ" ಎಂದು ಮತ್ತೆ ಬಾಚಣಿಗೆ ಹಿಡಿದ. ಸಾವಿತ್ರಿಯ ಪಾತ್ರದ ಭಾಮಾಳ ಮುಖದ ತುಂಬ ಸಿಡುಬಿನ ಕಲೆ. ಜನ ನಕ್ಕರೆ ಹಾಡು ಮರೆತೀತೆಂದು ಹುಡುಗಿ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದಳು. "ಬಣ್ಣಾನರೆ ದಪ್ಪಗ ಬಳಿಯಪ್ಪಾ, ಕಲೆ ಮುಚ್ಚಲಿ" ಎಂದರು ಕೃಷ್ಣಾಬಾಯಿ. ಮುರುಗೆಪ್ಪ ಅವಳ ಗಲ್ಲ ಹಿಡಿದೆತ್ತಿ ಬಹಳ ಹೊತ್ತು ನೋಡಿದ. "ಯಾಕ ಮುಚ್ಚಬೇಕ್ರಿ? ಯಮ ಒಮ್ಮೆ ಬಂದು ಈಕಿ ಮುಂದ ಸೋತು ಹೋಗ್ಯಾನ. ಇಂಥಾ ಸಾವಿತ್ರಿ ಮತ್ತೆಲ್ಲಿ ಸಿಗತಾಳ?" ಎಂದು ತೆಳ್ಳಗೆ ಬಣ್ಣ ಸವರಿ ಕುಂಕುಮವಿಟ್ಟ. ಭಾಮಾ ಕನ್ನಡಿ ನೋಡಿಕೊಂಡು ಮೆಲ್ಲಗೆ ಪದ ಗುನುಗಿದಳು. ಕೃಷ್ಣಾಬಾಯಿ ಉಸಿರು ಬಿಟ್ಟು, "ಹೋಗ್ಲಿ, ಕಲೆ ಕಾಣಧಾಂಗ ಗ್ಯಾಸಬತ್ತಿ ಸ್ವಲ್ಪ ಸಣ್ಣ ಮಾಡಸ್ಲೇನು?" ಎಂದು ಕೇಳಿದರು. "ಬ್ಯಾಡ್ರಿ ಅಕ್ಕೋರ," ಎಂದ ಮುರುಗೆಪ್ಪ, "ಇನ್ನೆರಡು ಹಚ್ಚಸ್ರಿ."