ಗಾಜಿನ ಮನೆಯ ಹಸಿ ನೆಲ

ಅಕ್ಕಲಕೋಟೆಯ ನಮ್ಮ ತೋಟದಲ್ಲಿ ಹಳೆಯದೊಂದು ಗಾಜಿನ ಮನೆಯಿತ್ತು. ಸೊಲ್ಲಾಪುರದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಅಪ್ಪ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಅಲ್ಲಿಗೆ ಹೋಗಿ, ಫರ್ನು, ಬಿಗೋನಿಯಾ ಕುಂಡಗಳಿಗೆ ತಾವೇ ನೀರು ಹಾಕುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಅವರಿಗೆ ಲಕ್ವಾ ಹೊಡೆಯಿತು. ಬಲಗಾಲು ಎಳೆಯುತ್ತ, ಕೋಲೂರಿ ನಡೆಯುವಷ್ಟಾದ ಮೇಲೆ ಅವರು ಕೇಳಿದ್ದು ಒಂದನ್ನೇ: ಆ ಕುಂಡಗಳ ನಡುವೆ ಮತ್ತೊಮ್ಮೆ ನಡೆಯಬೇಕು, ಯಾರೂ ಹಿಡಿಯಬಾರದು.

ಆದರೆ ಅಲ್ಲಿನ ಕಾಂಕ್ರೀಟ್ ನೆಲ ಕೆಟ್ಟಿತ್ತು. ಹೊರಗಿನ ಬಸರಿ ಮರದ ಬೇರು ಅದನ್ನು ಅಡಿಯಿಂದ ಎತ್ತಿ ಒಡೆದಿತ್ತು. ಗೌಂಡಿಯನ್ನು ಕರೆಸಿ, ಸಡಿಲಾದದ್ದನ್ನೆಲ್ಲ ಗಟ್ಟಿ ಸಿಗುವತನಕ ಚಾಣದಿಂದ ಒಡೆಸಿದೆ. ಬೇರು ಕಡಿದು, ಧೂಳು ತೊಳೆದು, ಸಿಮೆಂಟಿನ ತೆಳು ಗಂಜಿ ಬಳಿದು, ಹೊಸ ಕಾಂಕ್ರೀಟ್ ತುಂಬಿ ಬಡಿದೆವು. ಕಾಲು ಜಾರದಂತೆ ಮೇಲ್ಮೈ ತುಸು ಒರಟಾಗಿಯೇ ಬಿಟ್ಟೆವು. ಕೊನೆಗೆ ಮಣ್ಣಿನ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿದೆವು. ನಮ್ಮ ಕಡೆಯ ಬಿಸಿಲಿಗೆ, ಅದೂ ಗಾಜಿನ ಕೆಳಗೆ, ನೀರಿಲ್ಲದಿದ್ದರೆ ಹೊಸ ನೆಲ ಬಿರಿಯುತ್ತದೆ.

ಸುದ್ದಿ ಕೇಳಿದ ಅಪ್ಪ ತಡೆಯಲಾರದೆ ಅವ್ವನೊಂದಿಗೆ ಬಾಡಿಗೆ ಮೋಟಾರಿನಲ್ಲಿ ಬಂದೇಬಿಟ್ಟರು. ಬಾಗಿಲಲ್ಲಿ ಕುರ್ಚಿ ಹಾಕಿಕೊಟ್ಟೆ.

ಗೌಂಡಿ ನಕ್ಕ. "ಸಾವಕಾರ್ರ, ಬೀಗರು ಮುನಿಸಿಕೊಂಡಂಗ ಬಾಗಲದಾಗ ಕುಂತೀರಲ್ರಿ!"

"ಒಳಗ ಕೆಸರ ಮಾಡಿಟ್ಟೀಯಲ್ಲೋ, ಏನ ಈಜು ಹೊಡೀಲೇನ?" ಎಂದರು ಅಪ್ಪ.

ಅವ್ವನಿಗೆ ತಡೆಯಲಾಗಲಿಲ್ಲ. "ಒಂದ ಹಲಗಿ ಹಾಕಿದ್ರ ಆಗಂಗಿಲ್ಲೇನ? ಇಷ್ಟ ದೂರ ಬಂದೀರಿ. ಮಗಾ ಕೈ ಹಿಡದು ಕರಕೊಂಡ ಹೋಗತಾನ."

"ಹಲಗಿ ಮ್ಯಾಲ ನಡ್ಯಾಕ ಬಂದೀನೇನ ನಾ? ಹಸಿ ನೆಲಾ ಕೆಡಸಬಾರ್ದು. ಥಾಂಬ ಜರಾ, ಸ್ವಲ್ಪ ತಡಿ, ಗಟ್ಟಿ ಆಗಲಿ."

ನಾನೂ ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ಕೆಲಸಕ್ಕೆ ಅದರ ಹೊತ್ತು ಕೊಡಬೇಕೆಂದು ನಮಗೆ ಕಲಿಸಿದವರೇ ಅವರು. ನಾನು ಹೊರಗಿನಿಂದ ಸುತ್ತು ಹಾಕುತ್ತ, ಗಾಜಿನಲ್ಲಿ ಇಣುಕಿ, ಯಾವ ಕುಂಡದಲ್ಲಿ ಹೂ ಬಿಟ್ಟಿದೆ ಎಂದು ಕೂಗಿ ಹೇಳಿದೆ. ಅವರು ಕುತ್ತಿಗೆ ಚಾಚಿ ಕೇಳಿಸಿಕೊಂಡರು. ಹೊರಡುವಾಗ, "ಬರೋ ಐತ್ವಾರ," ಎಂದರು.

ಆ ಭಾನುವಾರ ಬರುವ ಮೊದಲೇ ಎರಡನೆಯ ಸಲ ಲಕ್ವಾ ಹೊಡೆದು ಮಾತೂ ಹೋಯಿತು. ನಾನು ಅಕ್ಕಲಕೋಟೆಗೆ ಹೋಗಿ ಒಡ್ಡು ತೆಗೆದೆ, ನೆಲ ಒರೆಸಿದೆ. ಎಲ್ಲಿಯೂ ಬಿರುಕಿರಲಿಲ್ಲ. ಸೊಲ್ಲಾಪುರದ ಆಸ್ಪತ್ರೆಗೆ ಮರಳಿ, ಅವರ ಕಿವಿಯ ಹತ್ತಿರ ಬಾಗಿ, "ಅಪ್ಪಾ, ನೆಲಾ ಗಟ್ಟಿ ಆಗೇದ್ರಿ," ಎಂದೆ.

ಹೊದಿಕೆಯೊಳಗೆ ಅವರ ಎಡಗಾಲು ಅಲುಗಿತು. ಡಾಕ್ಟರು ಅದಕ್ಕೇನೂ ಅರ್ಥವಿಲ್ಲ ಎಂದರು. ಅವ್ವ ಆ ಪಾದದ ಮೇಲೆ ಕೈಯಿಟ್ಟು ಕುಳಿತಿದ್ದಳು.