ಕೋಳಿಯ ಬೆನ್ನಿಗೆ ಅರಸಿನದೆಣ್ಣೆ

ಈದ್ ರಜೆಯಲ್ಲಿ ನಮ್ಮ ಲ್ಯಾಬಿನ ಎಸಿ ರಿಪೇರಿಗೆಂದು ನಿಲ್ಲಿಸಿದ್ದರು. ಮೀನು ಮತ್ತು ಸೊಳ್ಳೆಗಳ ಕೋಣೆಗೆ ಬೇರೆ ಎಸಿ ಇತ್ತು, ಕೋಳಿಯ ಗೂಡಿಗೆ ಇರಲಿಲ್ಲ. ಕುವೈತಿನ ಆ ಬೇಗೆಯಲ್ಲಿ ಅದನ್ನು ಬಿಟ್ಟು ಬರುವ ಧೈರ್ಯವಾಗದೆ, ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅಬ್ಬಾಸಿಯಾದ ಫ್ಲ್ಯಾಟಿಗೆ ತಂದೆ. ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ಪೆಟ್ಟಿಗೆಯೊಳಗೆ ಇಣುಕಿದರು.

"ಎಂತ, ಗಸಿ ಮಾಡಿ ಉಣ್ಣುವ ಅಂತಲಾ?"

"ಅಯ್ಯೋ, ಇದು ಆಫೀಸಿನದ್ದು ಅತ್ತೆ."

ಆಫೀಸಿಗೂ ಕೋಳಿಗೂ ಏನು ಸಂಬಂಧ ಎಂದು ಅವರು ನಕ್ಕೇ ನಕ್ಕರು. ನನಗೆ ನಗು ಬರಲಿಲ್ಲ. ರಜೆ ಮುಗಿದ ಬೆನ್ನಿಗೇ ನಮ್ಮ ದೊಡ್ಡ ಪ್ರಯೋಗವಿತ್ತು. ವಫ್ರಾದ ತೋಟಗಳ ನೀರಿನ ತೊಟ್ಟಿಗಳಲ್ಲಿ ಸೊಳ್ಳೆ ಹುಟ್ಟುತ್ತದೆ. ಆಫ್ರಿಕಾ ಮೂಲದ ತಿಲಾಪಿಯಾ ಮೀನಿನ ಮರಿಗಳನ್ನು ಅಲ್ಲಿ ಬಿಟ್ಟರೆ ಸೊಳ್ಳೆಯ ಮರಿಹುಳುಗಳನ್ನು ಅವು ತಿಂದು ಮುಗಿಸುತ್ತವೆಯೇ ಎಂದು ನೋಡಬೇಕಿತ್ತು. ಮರಿಹುಳುವಿಗೆ ಮೊಟ್ಟೆ ಬೇಕು, ಮೊಟ್ಟೆ ಇಡುವ ಹೆಣ್ಣುಸೊಳ್ಳೆಗೆ ರಕ್ತ ಬೇಕು. ಅದಕ್ಕೇ ಈ ಕೋಳಿ. ಬೆನ್ನಿನ ಗರಿ ಕತ್ತರಿಸಿ, ಸೊಳ್ಳೆಪಂಜರದ ಬಲೆಗೆ ತಾಗಿಸಿ ಕೂರಿಸಿ, ನಾನು ಚಹಾಕ್ಕೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ಸೊಳ್ಳೆಗಳ ಊಟ ಮುಗಿದಿರುತ್ತಿತ್ತು. ಲ್ಯಾಬಿನಲ್ಲೇ ಹುಟ್ಟಿದ, ರೋಗವಿಲ್ಲದ ಸೊಳ್ಳೆಗಳು. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ನಿಂತಿದ್ದು ಈ ಯೋಜನೆಯ ಮೇಲೆ. ರಜೆಯುದ್ದಕ್ಕೂ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಮನೆಯೊಳಗೇ ಸುತ್ತುತ್ತಿದ್ದೆ. ಕೋಳಿಯನ್ನು ಅತ್ತೆಯೇ ನೋಡಿಕೊಂಡರು.

ಲ್ಯಾಬಿಗೆ ಮರಳಿ ಎಂದಿನಂತೆ ಕೋಳಿಯನ್ನು ಕೂರಿಸಿದೆ. ಒಂದು ಸೊಳ್ಳೆಯೂ ಹತ್ತಿರ ಸುಳಿಯಲಿಲ್ಲ. ಎಲ್ಲವೂ ಎದುರು ಬದಿಯ ಬಲೆಗೆ ಅಂಟಿಕೊಂಡು ಕೂತಿದ್ದವು. ಬಗ್ಗಿ ನೋಡಿದರೆ ಕೋಳಿಯ ಬೆನ್ನು ಹಳದಿಯಾಗಿ ಮಿರಿಮಿರಿ ಮಿಂಚುತ್ತಿದೆ, ತೆಂಗಿನೆಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿದೆ. ಮನೆಗೆ ಫೋನ್ ಮಾಡಿದೆ.

"ಅತ್ತೆ, ಕೋಳಿಗೆ ಎಂತಾದ್ರೂ ಹಚ್ಚಿದ್ರಾ?"

"ಹ್ಞೂಂ, ಎಣ್ಣೆಗೆ ಅರಸಿನ ಹಾಕಿ ದಿನಾ ಹಚ್ಚಿದೆ. ಪಾಪ, ಬೆನ್ನೆಲ್ಲ ಕೆಂಪು ಕೆಂಪಾಗಿತ್ತು ಮಾರಾಯ್ತಿ. ಈಗ ಕಡಿಮೆ ಆಯ್ತಲ್ವಾ?"

ಮೈಯೆಲ್ಲ ಉರಿದುಹೋಯಿತು. ಏನಾದರೂ ಅಂದುಬಿಡುತ್ತೇನೆಂದು ಫೋನ್ ಇಟ್ಟೆ. ಸಾಬೂನು ಹಾಕಿ ಉಜ್ಜಿದೆ; ಕೋಳಿ ಕೂಗಾಡಿತೇ ಹೊರತು ಬೆನ್ನಿನ ಎಣ್ಣೆ ಹೋಗಲಿಲ್ಲ. ಇನ್ನೊಂದು ಕೋಳಿಗೆ ಅನುಮತಿ ಸಿಗುವ ಹೊತ್ತಿಗೆ ಈ ಸೊಳ್ಳೆಗಳು ಸತ್ತಿರುತ್ತವೆ. ನಮ್ಮ ಮುದೀರ್, ಲ್ಯಾಬಿನ ಮುಖ್ಯಸ್ಥರು, ಬಾಗಿಲಲ್ಲೇ ನಿಂತು, "ಹುಳು ಇಲ್ಲ ಅಂದ್ರೆ ಪ್ರಾಜೆಕ್ಟ್ ಖಲಾಸ್," ಎಂದು ಹೇಳಿ ಹೋದರು.

ಅವರ ಹೆಜ್ಜೆಯ ಸದ್ದು ಅಡಗಿದ ಮೇಲೆ ಅಂಗಿಯ ತೋಳು ಮಡಚಿ, ಸೊಳ್ಳೆಪಂಜರದೊಳಗೆ ಕೈ ಇಟ್ಟೆ. ಸೊಳ್ಳೆಗಳು ಒಂದೊಂದಾಗಿ ಬಂದು ಕೂತವು. ಕೊಡವಿಬಿಡೋಣ ಎಂದು ಜೀವ ಚಡಪಡಿಸುತ್ತಿತ್ತು. ಹಲ್ಲು ಕಚ್ಚಿ ಕೂತೆ. ಮೇಜಿನ ಕೆಳಗೆ ಕೋಳಿ ಹಾಯಾಗಿ ಕಾಳು ಹೆಕ್ಕುತ್ತಿತ್ತು.

ಸಂಜೆ ಮನೆಯಲ್ಲಿ ನನ್ನ ಕೈ ನೋಡಿದ ಅತ್ತೆ ಒಳಗೆ ಹೋಗಿ ಅದೇ ಅರಸಿನದೆಣ್ಣೆಯ ಬಟ್ಟಲು ಹಿಡಿದು ಬಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

"ಬೇಡ ಅತ್ತೆ. ನಾಳೆಯೂ ಸೊಳ್ಳೆಗಳು ಕಚ್ಚಬೇಕು."

ಅವರು ಬಟ್ಟಲನ್ನು ಕೆಳಗಿಟ್ಟರು. "ನಿನಗೆ ಬೇಡ ಅನ್ಲಿಕ್ಕೆ ಬಾಯಿ ಉಂಟು," ಎಂದರು. "ಆ ಕೋಳಿಗೆಲ್ಲಿ ಉಂಟು?"

ಮೊಟ್ಟೆ ಬಂತು, ಮೀನುಗಳಿಗೆ ಹುಳುವೂ ಸಿಕ್ಕಿತು, ನನ್ನ ಇಕಾಮಾ ಉಳಿಯಿತು. ಎಣ್ಣೆ ಆರಿದ ಮೇಲೆ ಕೋಳಿಯನ್ನು ಮತ್ತೆ ಕೂರಿಸಲೇಬೇಕಾಯಿತು, ಈಗಲೂ ಕೂರಿಸುತ್ತೇನೆ. ಚಹಾಕ್ಕೆ ಮಾತ್ರ ಹೋಗುವುದಿಲ್ಲ. ಮುಗಿಯುವವರೆಗೂ ಅದರ ಪಕ್ಕದಲ್ಲೇ ಕೂತು ನನ್ನ ಕೈ ತುರಿಸಿಕೊಳ್ಳುತ್ತಿರುತ್ತೇನೆ.